ಅರ್ಧ ಕೆಜಿ ಹಗುರ

ಎರಡು ಸಾವಿರದ ಎರಡನೇ ಇಸವಿಯ ಸುಗ್ಗಿ. ಇಡೀ ಚಳ್ಳಕೆರೆ ಶೇಂಗಾದ ದರದ ಬಗ್ಗೆ ತಲೆ ಕೆಡಿಸಿಕೊಂಡಿತ್ತು. ಎಣ್ಣೆ ಮಿಲ್ಲಿನ ಹಾಲೇಶಪ್ಪನವರ ಮಗ ಶಶಿಕಾಂತ ಮಾತ್ರ ತನ್ನ ಕಾರಿನ ಫ್ಲೈವೀಲ್ ಎಷ್ಟು ತೂಗಬೇಕು ಎಂಬ ಚಿಂತೆಯಲ್ಲಿ ಸೊರಗುತ್ತಿದ್ದ.

ಫ್ಲೈವೀಲ್ ಎಂದರೆ ಎಂಜಿನ್ನಿನ ಬೆನ್ನಿಗೆ ಕೂತು ಸುತ್ತುವ ಕಬ್ಬಿಣದ ಗಾಲಿ, ಊಟದ ತಟ್ಟೆಯಷ್ಟಗಲ. ಅದು ಭಾರವಿದ್ದರೆ ಎಂಜಿನ್ ಸಮಾಧಾನದಿಂದ ಓಡುತ್ತದೆ, ಹಗುರ ಮಾಡಿದರೆ ಕಾಲು ತಾಗಿಸಿದ್ದಕ್ಕೇ ಸಿಡುಕುತ್ತದೆ. ಶಶಿಕಾಂತನಿಗೆ ಆ ಸಿಡುಕೇ ಬೇಕಿತ್ತು. ಮೊಳಕಾಲ್ಮೂರಿನಾಚೆ ಬಂಡೆಗಳ ನಡುವಿನ ಬಯಲಿನಲ್ಲಿ ಬಳ್ಳಾರಿಯ ಗೆಳೆಯರು ಮಣ್ಣಿನ ರೇಸ್ ಇಟ್ಟುಕೊಳ್ಳುತ್ತಿದ್ದರು. ಇವನು ಎಸ್ಟೀಮ್ ಕಾರಿಗೆ ಸೈಲೆನ್ಸರ್ ಬದಲಿಸಿದ್ದ, ಕ್ಯಾಮ್‌ಶಾಫ್ಟ್ ಬದಲಿಸಿದ್ದ, ಆದರೂ ತಿರುವಿನಲ್ಲಿ ಗೇರ್ ಇಳಿಸಿ ಒತ್ತಿದರೆ ಅದು ಆಕಳಿಸಿಕೊಂಡು ಏಳುತ್ತಿತ್ತು. ಹೋದ ಸಲ ಆರು ಕಾರುಗಳಲ್ಲಿ ಐದನೆಯದಾಗಿ ಬಂದಿತ್ತು. ಆರನೆಯದಕ್ಕೆ ಪಂಕ್ಚರ್ ಆಗಿತ್ತು.

ಪಾವಗಡ ರಸ್ತೆಯಲ್ಲಿ ಲೇತ್ ಇಟ್ಟಿದ್ದ ತಿಪ್ಪೇರುದ್ರಪ್ಪನವರ ಹತ್ತಿರ ಹೋದ. ಅರವತ್ತು ದಾಟಿದವರು, ತಾಲ್ಲೂಕಿನ ಪಂಪುಗಳ ಶಾಫ್ಟ್ ಅರ್ಧಕ್ಕರ್ಧ ಅವರ ಕೈಯಲ್ಲೇ ನೆಟ್ಟಗಾದವು. ಅವರು ಗಾಲಿ ಬಿಚ್ಚಿಸಿ ತಮ್ಮ ತಕ್ಕಡಿಗೆ ಹಾಕಿದರು. ಏಳು ಕೆಜಿ ಬಂತು. ಶಶಿಕಾಂತ ಒಂದು ಪತ್ರಿಕೆಯ ಹಾಳೆ ತೋರಿಸಿದ. ಕೊಯಮತ್ತೂರಿನಲ್ಲಿ ಸ್ಟೀಲಿನದು ರೆಡಿ ಸಿಗುತ್ತದೆ, ಬರೀ ನಾಲ್ಕು ಕೆಜಿ.

ತಿಪ್ಪೇರುದ್ರಪ್ಪ ಹಾಳೆಯನ್ನು ದೂರ ಹಿಡಿದು ಓದಿ, ರೇಸಿಗೆ ಇದು ಬಂಗಾರ, ಆದರೆ ಇದೇ ಕಾರಿನಲ್ಲಿ ತಾಯಿಯನ್ನೂ ಕೂರಿಸಿಕೊಂಡು ಸಂತೆ ಬೀದಿಗೆ ಹೋಗುತ್ತೀರಲ್ಲ, ಅಲ್ಲಿ ಹೆಜ್ಜೆಗೊಮ್ಮೆ ಆಫ್ ಆಗುತ್ತದೆ ಎಂದರು. ಅದರ ಬದಲು ಇರುವುದನ್ನೇ ಲೇತಿಗೆ ಕೊಟ್ಟು ಇಳಿಸಬಹುದಂತೆ. ಅದಕ್ಕೂ ಒಂದು ಮಿತಿಯಿತ್ತು.

“ಇದು ಬೀಡು ಕಬ್ಬಿಣ, ಶಶಣ್ಣ. ಐದೂವರೆಗಿಂತ ಕೆಳಗೆ ನಾನು ಇಳಿಸಲ್ಲ. ಜೋರು ಸುತ್ತಿನಾಗೆ ಸೀಳಿದ್ರೆ ಚೂರು ಬಂದು ನಿಮ್ಮ ಕಾಲಿಗೇ ಬೀಳೋದು.”

ನಾಲ್ಕೋ ಐದೂವರೆಯೋ ಎಂದು ಎರಡು ದಿನ ಹೊರಳಾಡಿ ಅವನು ಐದೂವರೆಗೇ ಒಪ್ಪಿದ. ಶನಿವಾರ ಗಾಲಿ ತಯಾರಾಯಿತು. ತಿಪ್ಪೇರುದ್ರಪ್ಪ ಅದರ ಮೇಲೆ ಸೀಮೆಸುಣ್ಣದಲ್ಲಿ ಐದೂವರೆ ಎಂದು ಬರೆದು, ಸಂಜೆ ಕೂರಿಸುವುದಾಗಿ ಹೇಳಿದರು. ಶಶಿಕಾಂತನಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ. ಗಾಲಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಮಿಲ್ಲಿಗೆ ತಂದ.

ಮಿಲ್ಲಿನ ಅಂಗಳದಲ್ಲಿ ಶೇಂಗಾ ತೂಗಿ ಕೊಳ್ಳುವ ದೊಡ್ಡ ಕಾಟಾ ಇತ್ತು. ನೆಲಕ್ಕೆ ಹಲಗೆ, ಮೇಲೆ ಉದ್ದನೆಯ ಕೊಂಬು, ಕೊಂಬಿನ ಮೇಲೆ ಸರಿಯುವ ಗುಂಡು. ಖಾಲಿ ಇದ್ದಾಗ ಕೊಂಬನ್ನು ಕೊಕ್ಕೆಗೆ ಸಿಕ್ಕಿಸಿಡುವುದು ಅಲ್ಲಿಯ ಪದ್ಧತಿ. ದೇವಸಮುದ್ರದ ಕೊಲ್ಲಾಪುರಮ್ಮನ ಹದಿನೆಂಟು ಚೀಲ ಆಗಷ್ಟೇ ತೂಗಿ ಮುಗಿದಿತ್ತು. ನನ್ನಿವಾಳದವರು ನಾಲ್ಕಾರು ಮಂದಿ ಸರದಿಗೆ ಕೂತಿದ್ದರು. ಶಶಿಕಾಂತ ಗಾಲಿಯನ್ನು ಹಲಗೆಯ ಮೇಲಿಟ್ಟ.

“ಆ ಕಾಟಾದ ಮೇಲೆ ಅಂಥವೆಲ್ಲ ಇಡಬಾರ್ದು, ತೆಗಿಯೋ,” ಎಂದರು ಹಾಲೇಶಪ್ಪ, ಗಾದಿಯ ಮೇಲಿಂದಲೇ.

ಎಣ್ಣೆ ಮೆತ್ತಿದ ಗಾಲಿಗೆ ಅಪ್ಪ ಮುಖ ಸಿಂಡರಿಸಿದರು ಎಂದುಕೊಂಡು ಅವನು ಗುಂಡು ಸರಿಸಿದ. ಕೊಂಬು ಸಮನಾಗಿ ನಿಂತಿತು. ಸರಿಯಾಗಿ ಐದು ಕೆಜಿ.

ಅರ್ಧ ಕೆಜಿ ಹೆಚ್ಚು ಕೆತ್ತಿದ್ದಾನೆ ಮುದುಕ, ತನ್ನ ಕಾಲು ಉಳಿಯುವಂತಿಲ್ಲ ಎಂದು ಅವನಿಗೆ ಮೊದಲು ಹೆದರಿಕೆ ಬಂತು, ಅದರ ಹಿಂದೆಯೇ ಸಿಟ್ಟು. ಹಮಾಲನನ್ನು ಓಡಿಸಿ ತಿಪ್ಪೇರುದ್ರಪ್ಪನವರನ್ನು ಕರೆಸಿದ. ಅವರು ಕೈ ಒರೆಸಿಕೊಳ್ಳುತ್ತಲೇ ಬಂದರು. ಬಂದವರನ್ನು ಅಷ್ಟು ಜನರ ಮುಂದೆ ಬಾಯಿಗೆ ಬಂದಂತೆ ಬೈದ. ಕಣ್ಣು ಮಂಜಾದ ಮೇಲೆ ಲೇತ್ ಮುಚ್ಚಬೇಕಿತ್ತು ಎಂದ. ಚಿಕ್ಕಂದಿನಿಂದ ‘ನೀವು’ ಎನ್ನುತ್ತಿದ್ದವನು ‘ನೀನು’ ಎಂದ. ಗಾಲಿಗಿಂತ ನಾಲಿಗೆ ಹಗುರವಾಯಿತು, ಅದು ಅವನಿಗೆ ತಿಳಿಯಲೂ ಇಲ್ಲ.

ತಿಪ್ಪೇರುದ್ರಪ್ಪ ಕೊಂಬನ್ನು ನೋಡಿದರು, ಕೊಕ್ಕೆಯನ್ನು ನೋಡಿದರು, ಗಾದಿಯ ಕಡೆ ಒಮ್ಮೆ ನೋಡಿ ದೃಷ್ಟಿ ಇಳಿಸಿದರು. ಆಮೇಲೆ ಅವನ ಹತ್ತಿರಕ್ಕೆ ಬಂದು ದನಿ ತಗ್ಗಿಸಿದರು.

“ಇಲ್ಲಿ ಬ್ಯಾಡ ಶಶಣ್ಣ. ನಮ್ಮ ಶಾಪಿಗೆ ಬರ್ರಿ, ಅಲ್ಲಿ ತೂಗೋಣ.”

“ಯಾಕೆ, ಇಲ್ಲಿ ನಿನ್ನ ಸುಳ್ಳು ನಡೆಯಲ್ಲ ಅಂತಾನಾ? ಈ ಕಾಟಾ ನಮ್ಮಜ್ಜನ ಕಾಲದ್ದು. ಊರೇ ಇದನ್ನ ನಂಬೈತೆ.”

ಅಷ್ಟಕ್ಕೇ ನಿಲ್ಲಿಸಿದ್ದರೆ ಮನೆಯ ಮಾನ ಉಳಿಯುತ್ತಿತ್ತೇನೋ. ಆದರೆ ಮುದುಕನ ಮುಖಕ್ಕೆ ಹೊಡೆದಂತೆ ತೋರಿಸಬೇಕು ಎಂಬ ಹಟ ಹತ್ತಿತ್ತು. ಹಿಂಡಿ ಮಾರುವ ಕೋಣೆಗೆ ಹೋಗಿ ಸರ್ಕಾರದ ಮುದ್ರೆಯ ಐದು ಕೆಜಿ ತೂಕದ ಬೊಟ್ಟನ್ನು ತಂದ. ಗಾಲಿ ಇಳಿಸಿ ಅದನ್ನು ಹಲಗೆಯ ಮೇಲಿಟ್ಟ. ಹಾಲೇಶಪ್ಪ ಗಾದಿಯಿಂದ ಅರ್ಧ ಎದ್ದರು.

ಗುಂಡು ಐದರಲ್ಲಿ ನಿಲ್ಲಲಿಲ್ಲ. ಹಿಂದಕ್ಕೆ ಸರಿಸಿದ, ಇನ್ನಷ್ಟು ಸರಿಸಿದ. ನಾಲ್ಕೂವರೆಗೆ ಬಂದಾಗ ಕೊಂಬು ಸಮನಾಗಿ ನಿಂತಿತು.

ಏನಿಟ್ಟರೂ ಅರ್ಧ ಕೆಜಿ ನುಂಗುವ ಕಾಟಾ, ಖಾಲಿ ಕೊಂಬು ವಾಲುವುದು ಕಾಣದಿರಲೆಂದೇ ಆ ಕೊಕ್ಕೆ. ಚೀಲದ ತೂಕದಲ್ಲಿ ಅರ್ಧ ಕೆಜಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಗಾಲಿಯಲ್ಲಿ ಬಿತ್ತು. ಶಶಿಕಾಂತ ಅಪ್ಪನ ಮುಖ ನೋಡಿದ. ಅಲ್ಲಿ ಅಚ್ಚರಿಯೊಂದನ್ನು ಕಂಡಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅಚ್ಚರಿ ಇರಲಿಲ್ಲ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದ್ದರು.

ನಾಚಿಕೆ ಅವನ ಕಿವಿಯಿಂದ ಶುರುವಾಗಿ ಕುತ್ತಿಗೆಗೆ ಇಳಿಯಿತು. ಲೇತಿನ ಮುಂದೆ ಬಿಚ್ಚಿಟ್ಟಿದ್ದ ಕೆಂಪು ಎಸ್ಟೀಮ್ ಯಾವ ದುಡ್ಡಿನದೆಂದು ಈಗ ಹೊಳೆಯಿತು. ಅದಕ್ಕಿಂತ ಹೆಚ್ಚು ಸುಟ್ಟಿದ್ದು ತಿಪ್ಪೇರುದ್ರಪ್ಪನವರ ‘ಇಲ್ಲಿ ಬ್ಯಾಡ’ ಎಂಬ ಮಾತು. ಕೊಂಬು ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು. ಬೈಸಿಕೊಳ್ಳುತ್ತಲೇ ಅವರು ಈ ಮನೆಯ ಮಾನ ಮುಚ್ಚಲು ನೋಡಿದ್ದರು.

ತಿಪ್ಪೇರುದ್ರಪ್ಪ ಬಗ್ಗಿ ಗಾಲಿಯನ್ನು ಎತ್ತಿಕೊಂಡರು. ಅಳಿಸಿಹೋದ ಸೀಮೆಸುಣ್ಣದ ಗುರುತನ್ನು ಹೆಬ್ಬೆರಳಲ್ಲಿ ಸವರಿದರು.

“ಐದೂವರೇನೇ ಐತೆ. ಸಂಜೆ ಬರ್ರಿ, ಕೂರಿಸ್ತೀನಿ.”

ಅವನ ‘ನೀನು’ ಕೇಳಿದ ಮೇಲೂ ಅವರ ಮಾತಿನ ‘ರಿ’ ಹಾಗೇ ಇತ್ತು.

ಕೊಲ್ಲಾಪುರಮ್ಮ ಸೆರಗು ಹೊದ್ದುಕೊಂಡು ಕಾಟಾದ ಹತ್ತಿರ ಬಂದಳು. ಜಗಳದ ದನಿಯಲ್ಲಿ ಕೇಳಲಿಲ್ಲ, ಬಸ್ಸಿನ ಹೊತ್ತು ಕೇಳುವವಳಂತೆ ಶಶಿಕಾಂತನನ್ನು ಕೇಳಿದಳು.

“ನಾಯನಾ, ಹಂಗಾದ್ರೆ ನನ್ನ ಚೀಲದಾಗೂ ಅರ್ಧರ್ಧ ಹೋಗೈತೇನು?”

ಹಾಲೇಶಪ್ಪ ಹಿಂದಿನಿಂದ, ಕಾಟಾ ಹಳೇದು, ಇವತ್ತೇ ಕೆಟ್ಟಿರಬೇಕು, ರಿಪೇರಿ ಮಾಡಿಸೋಣ ಎಂದರು. ಮಗನ ಹೆಸರು ಹಿಡಿದು ಕೂಗಿದರು. ಅಪ್ಪನ ಮಾತಿಗೆ ಹೌದು ಎಂದರೆ ಸಾಕಿತ್ತು. ಅಂಗಳದ ಕಣ್ಣುಗಳೆಲ್ಲ ಅವನ ಮೇಲಿದ್ದವು, ತಿಪ್ಪೇರುದ್ರಪ್ಪನವರವನ್ನು ಬಿಟ್ಟು. ಅವರು ಗಾಲಿ ಹಿಡಿದು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು.

“ಹೋಗೈತೆ ಅವ್ವ,” ಎಂದ ಶಶಿಕಾಂತ. “ಈ ವರ್ಷದ್ದು ಅಷ್ಟೇ ಅಲ್ಲ.”