ವಿಭೂತಿ ಹಚ್ಚಿಸಿಕೊಂಡ ಆಮೆ

ರಾಜ್ಯವೆಲ್ಲ ಒಂದಾಯಿತೆಂದು ಗುಂಡ್ಲುಪೇಟೆಯಲ್ಲಿ ಮಿಠಾಯಿ ಹಂಚಿದ ವರ್ಷ, ಬೇಗೂರಿನ ಒಂದು ಮನೆಯಲ್ಲಿ ಅತ್ತೆ ಪುಟ್ಟಮಲ್ಲಮ್ಮನಿಗೂ ಸೊಸೆ ಶಿವರುದ್ರಮ್ಮನಿಗೂ ಎಣ್ಣೆ ಸೀಗೆಕಾಯಿ. ಮಗ ಶಾಂತಮಲ್ಲಪ್ಪ ಉಂಡು ಕೈ ತೊಳೆದು ಅಂಗಡಿಗೆ ಹೊರಟುಬಿಡುತ್ತಿದ್ದ. ಆ ಮಹಾರಾಯನಿಗೆ ಕಿವಿ ಇದ್ದದ್ದು ಒಂಟಿ ಹಾಕಿಕೊಳ್ಳುವುದಕ್ಕೆ ಮಾತ್ರ.

ಜಗಳ ಈ ಸಲ ಆಮೆಯದು. ಹರವೆಯಲ್ಲಿ ಶಿವರುದ್ರಮ್ಮನ ತವರಿನ ಬಾವಿಗೆ ಅವಳಪ್ಪ ಆಮೆ ಬಿಟ್ಟಿದ್ದ. ಆಮೆ ಇದ್ದರೆ ನೀರು ತಿಳಿಯಾಗಿರುತ್ತದೆಂದು ಆ ಕಡೆಯವರ ನಂಬಿಕೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮನೆ, ಬಾವಿ ಎರಡನ್ನೂ ಮಾರಿ ಊರು ಬಿಟ್ಟ. ಹೊರಡುವಾಗ ಆಮೆಯನ್ನು ಒಂದು ಬಕೆಟ್ಟಿಗೆ ಹಾಕಿ ತಂಗಿಯ ಕೈಗೆ ಕೊಟ್ಟ. ತವರು ಅಂತ ಅವಳಿಗೆ ಉಳಿದದ್ದು ಅಷ್ಟೇ.

ಪುಟ್ಟಮಲ್ಲಮ್ಮ ಅದನ್ನು ಬಾವಿಗೆ ಬಿಡಗೊಡಲಿಲ್ಲ. "ಲಿಂಗಪೂಜೆಗೆ ಸೇದೋ ನೀರು ಕಣಮ್ಮಿ. ನಿಮ್ಮಪ್ಪನ ಮನೆ ಕೊಳೆಯೆಲ್ಲ ಇಲ್ಲಿಗ್ಯಾಕೆ ತಂದೆ?" ಎಂದು ಹಿತ್ತಿಲ ಹುಣಸೆಮರದ ಕೆಳಗಿದ್ದ ಕಲ್ಲುಬಾನಿಗೆ ಹಾಕಿಸಿದಳು. ಅಲ್ಲಿಗೆ ಬಿಸಿಲೇ ಸೋಕುತ್ತಿರಲಿಲ್ಲ.

ಆಮೆ ಏನೂ ತಿನ್ನಲಿಲ್ಲ. ಶಿವರುದ್ರಮ್ಮ ಮೊಸರನ್ನ ಕಲಸಿಟ್ಟಳು, ಬಾಳೆಹಣ್ಣು ಹಿಸುಕಿಟ್ಟಳು, ನೆನೆಸಿದ ಕಡಲೆ ಹಾಕಿದಳು. ಲಿಂಗ ಕಟ್ಟಿದವರ ಬಾವಿಯಲ್ಲಿ ಬೆಳೆದ ಆಮೆ ಬೇರೇನು ತಿಂದೀತು? ತವರಿನಲ್ಲಿ ಯಾರೂ ಅದಕ್ಕೆ ಊಟ ಹಾಕಿದವರಲ್ಲ, ಅದು ಏನು ತಿಂದು ಬದುಕಿದೆಯೆಂದು ಕೇಳಿದವರೂ ಅಲ್ಲ. ಹದಿನೈದು ದಿನಕ್ಕೆ ಕಣ್ಣು ಊದಿ ಮುಚ್ಚಿಕೊಂಡವು. ಚಿಪ್ಪಿನ ಅಂಚು ಬೆರಳಿಗೆ ಮೆತ್ತಗೆ ಸಿಕ್ಕಿತು. "ನಿಮ್ಮ ಮನೆತನದ ಕೊಬ್ಬು. ಇಟ್ಟ ಅನ್ನ ಮುಟ್ಟಲ್ಲ" ಎಂದಳು ಅತ್ತೆ.

ಕೊಟ್ಟಿಗೆ ಗುಡಿಸಲು ಬರುತ್ತಿದ್ದ ಸೋಮಮ್ಮ ಒಂದು ಬೆಳಿಗ್ಗೆ ಬಾನಿಗೆ ಬಗ್ಗಿ ನೋಡಿ ನಕ್ಕುಬಿಟ್ಟಳು.

"ಉಳ ತಿನ್ನೊ ಜೀವಕ್ಕ ಮೊಸರನ್ನ ಇಟ್ಟಿದ್ದರಿಯಲ್ಲವ್ವ! ಎರೆಉಳ, ಗದ್ದೆ ಬಸವನುಳ ಆಕಿ. ಬಾನಿ ಬಿಸುಲ್ಗ ಎಳೀರಿ, ಅತ್ತಿ ಕೂತ್ಕಳಕ್ಕ ಒಂದು ಕಲ್ಲು ಮಡುಗಿ. ಇಲ್ದಿದ್ರ ಸತ್ತೋಯ್ತದ."

"ನಾನು ಹುಳ ಮುಟ್ಟೋದಾ?"

"ನೀವ್ಯಾಕ್ ಮುಟ್ಟೀರಿ, ನಾನೇ ತಂದಾಕ್ತಿನಿ. ನಿಮ್ಮತ್ತಗ ಗೊತ್ತಾದ್ರ ಮಾತ್ರ ನನ್ನ ಕೆಲ್ಸ ಓಯ್ತದ ಕಣವ್ವ."

ಎಲೆ ಬಿದ್ದು ನೀರು ಕೊಳೆಯುತ್ತದೆಂದು ಅತ್ತೆಗೆ ನೆಪ ಹೇಳಿ, ಇಬ್ಬರೂ ಹಾರೆಯಿಂದ ಮೀಟಿ ಬಾನಿಯನ್ನು ಬಿಸಿಲಿಗೆ ಸರಿಸಿದರು. ಸೋಮಮ್ಮ ದಿನಾ ಸಗಣಿ ಮಂಕರಿಯಲ್ಲಿ ಮುತ್ತುಗದೆಲೆಯ ಪೊಟ್ಟಣ ಅಡಗಿಸಿ ತಂದಳು. ಮೂರನೆಯ ದಿನ ಆಮೆ ಮೂತಿ ಚಾಚಿ ಒಂದು ಹುಳ ಕಚ್ಚಿತು. ತಿಂಗಳೊಳಗೆ ಕಣ್ಣು ತೆರೆಯಿತು, ಚಿಪ್ಪು ಗಟ್ಟಿಯಾಯಿತು.

ಆಮೆ ಚೇತರಿಸಿಕೊಂಡದ್ದು ಕಂಡದ್ದೇ ಪುಟ್ಟಮಲ್ಲಮ್ಮನ ರಾಗ ಬದಲಾಯಿತು. ಪೂಜೆ ಮುಗಿಸಿ ಬಂದು ಅದರ ಬೆನ್ನಿಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುವಳು, ಬಾನಿಯಂಚಿಗೆ ಪ್ರಸಾದವಿಡುವಳು. ಪ್ರಸಾದ ಕಾಗೆಗಳ ಪಾಲಾಗುತ್ತಿತ್ತು. ಒಂದು ಸೋಮವಾರ ಕೇರಿಯ ಹೆಂಗಸರನ್ನೇ ಕರೆಸಿದಳು.

"ಸಾಯೋ ಜೀವ ಕಣ್ರವ್ವ, ನಮ್ಮನೆ ಪ್ರಸಾದ ಬಿದ್ದ ಮ್ಯಾಲೆ ಉಳೀತು. ಇವಳಪ್ಪನಿಗೆ ಒಂದು ಆಮೆ ಸಾಕೋ ಯೋಗ್ತಿ ಇರ್ಲಿಲ್ಲ, ಮಗಳನ್ನ ಇನ್ನೆಂಗೆ ಸಾಕಿದ್ದಾನು!"

ಹೆಂಗಸರು ಕಿಸಕ್ಕನೆ ನಕ್ಕರು. ಸತ್ತ ಅಪ್ಪನನ್ನು ಎಳೆದು ತಂದದ್ದು ಶಿವರುದ್ರಮ್ಮನಿಗೆ ಸಹಿಸಲಾಗಲಿಲ್ಲ. ಸರಸರನೆ ಕೊಟ್ಟಿಗೆಗೆ ಹೋಗಿ ಮಂಕರಿಯಿಂದ ಪೊಟ್ಟಣ ತಂದು ಬಿಚ್ಚಿದಳು. ಹುಳವೆಂದರೆ ಹೇಸುತ್ತಿದ್ದ ಹೆಂಗಸು ತನ್ನ ಕೈಯಾರೆ ಒಂದನ್ನು ಎತ್ತಿ ಆಮೆಯ ಮೂತಿಗೆ ಹಿಡಿದಳು. ಆಮೆ ಗಬಕ್ಕನೆ ಕಚ್ಚಿ ನುಂಗಿತು.

"ನಿಮ್ಮ ಪ್ರಸಾದ ನೋಡ್ಕಳಿ ಅತ್ತೆವ್ವ! ತಿಂಗಳಿಂದ ತಿಂತಿರೋದು ಇದನ್ನೇ. ನೀವು ಬಳಿದ ವಿಭೂತಿ ಹೊತ್ಕಂಡೇ!"

ಹೆಂಗಸರು ಬಾಯಿಗೆ ಸೆರಗು ಹಿಡಿದು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಈ ಮನೆ ಹೊಕ್ಕ ಮೇಲೆ ಮೊದಲ ಸಲ ಶಿವರುದ್ರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದು ಅರೆಗಳಿಗೆಯ ಸಂತೋಷ.

ಪುಟ್ಟಮಲ್ಲಮ್ಮ ಕೂಗಾಡಲಿಲ್ಲ. ಸೊಸೆಯ ಕೈಯಲ್ಲಿದ್ದ ಸಗಣಿ ಮೆತ್ತಿದ ಎಲೆ ನೋಡಿದಳು, ಕೊಟ್ಟಿಗೆಯ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದವಳನ್ನು ನೋಡಿದಳು.

"ಸೋಮಿ, ಇನ್ನು ಈ ಹಿತ್ಲಿಗೆ ಕಾಲಿಡಬ್ಯಾಡ. ಆ ಹೊಲಸು ಆಮೇನೂ ಎತ್ಕಂಡೋಗು."

ತರಿಸಿದ್ದು ನಾನೇ, ಅವಳದೇನೂ ತಪ್ಪಿಲ್ಲ ಎನ್ನಬೇಕಾಗಿತ್ತು ಶಿವರುದ್ರಮ್ಮ. ಹೆದರಿದಳು, ಅಷ್ಟೇ.

ಸೋಮಮ್ಮ ಪೊರಕೆ ಎಸೆದು ಬಂದು, ಬಾನಿಗೆ ಕೈ ಹಾಕಿ ಆಮೆಯನ್ನು ಮಡಿಲಿಗೆ ಹಾಕಿಕೊಂಡಳು. ಹಿತ್ತಿಲ ಬಾಗಿಲಿಗೆ ಶಿವರುದ್ರಮ್ಮ ಅಡ್ಡ ನಿಂತಳು.

"ಸೋಮಮ್ಮ, ಅದು ನಮ್ಮಪ್ಪನ..."

"ಗೊತ್ತು ಕಣವ್ವ. ನಿಮ್ಮಪ್ಪನ್ನ ಒಂದು ಮಾತಂದ್ರು ಅಂತ ನನ್ನ ಬೀದಿಗ ತಳ್ಬುಟ್ರಿ. ನಾಳ ಇನ್ನೊಂದು ಮಾತಂದ್ರ ಇದ್ನೂ ಸಾಯಿಸ್ತಿರಿ. ದಾರಿ ಬುಡಿ."

ಶಿವರುದ್ರಮ್ಮ ದಾರಿ ಬಿಟ್ಟಳು.