ಪುಟ್ಟಕ್ಕನ ರಾಜೀನಾಮೆಗಳು

ಪುಟ್ಟಕ್ಕ ದಿನಕ್ಕೊಂದು ರಾಜೀನಾಮೆ ಕೊಡುತ್ತಿದ್ದಳು. ಕೊಡುತ್ತಿದ್ದಳು ಎಂದರೆ ತಪ್ಪಾದೀತು, ಬರೆಯುತ್ತಿದ್ದಳು. ಸಂಜೆ ಕೊನೆಯ ರೋಗಿ ಕೆನ್ನೆ ಹಿಡಿದುಕೊಂಡು ಮೆಟ್ಟಿಲಿಳಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು, 'ಮಾನ್ಯರೇ' ಎಂದು ಶುರು ಮಾಡಿ, ಆ ದಿನ ತನಗಾದ ಅವಮಾನವನ್ನೆಲ್ಲ ಅಚ್ಚುಕಟ್ಟಾಗಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಒಮ್ಮೆ ತಾನೇ ಓದಿಕೊಂಡು, ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದಳು. ಹರಿದ ಕೂಡಲೇ ಮನಸ್ಸು ಹಗುರಾಗುತ್ತಿತ್ತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಆ ಮಾನ್ಯರ ಜೊತೆಗೇ, ಅದೇ ಕಾರಿನಲ್ಲಿ ಮನೆಗೆ ಹೋಗುತ್ತಿದ್ದಳು. ಏಕೆಂದರೆ ಮಾನ್ಯರು ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಣ್ಣನ ಹೆಂಡತಿ.

ಅತ್ತಿಗೆ ಹಲ್ಲಿನ ಡಾಕ್ಟರು. ಕೈ ಬಹಳ ಮೃದು, ಬಾಯಿ ಅಷ್ಟೇ ಜೋರು. ಕೋಪ ಸದಾ ಮೂಗಿನ ತುದಿಯಲ್ಲಿರುತ್ತಿತ್ತು. ಮಾಸ್ಕ್ ಹಾಕಿಕೊಂಡಿದ್ದರಿಂದ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. "ಪುಟ್ಟಕ್ಕಾ, ಈ ಎಕ್ಸ್‌ರೇ ತಲೆಕೆಳಗಾಗಿ ಇಟ್ಟವರು ಯಾರು?" ಎಂದು ಒಳಗಿನಿಂದ ಕೂಗಿದರೆ ಹೊರಗೆ ಕಾಯುತ್ತಿದ್ದವರಿಗೆ ಹಲ್ಲುನೋವೇ ಮರೆತುಹೋಗುತ್ತಿತ್ತು. ಪುಟ್ಟಕ್ಕನಿಗೆ ಆಗ ನಲವತ್ತೇಳು. ಮನೆಗೆ ಕಿರಿಯಳೆಂದು ಬಂದ ಹೆಸರು, ಕ್ಲಿನಿಕ್ಕಿಗೂ ಹಿಂದೆಯೇ ಬಂದು ಅಂಟಿಕೊಂಡಿತ್ತು. ಹದಿನಾರು ವರ್ಷದಿಂದ ಆ ಮಹಡಿಯ ಮೇಲಿನ ಎರಡು ಕುರ್ಚಿಯ ಕ್ಲಿನಿಕ್ಕಿನ ಮುಂದಿನ ಮೇಜು ಅವಳದು. ಯಾರಿಗೆ ಯಾವಾಗ ಬರಹೇಳಬೇಕು, ಯಾರ ದವಡೆಯ ಅಚ್ಚು ಯಾವ ಡಬ್ಬಿಯಲ್ಲಿದೆ, ಯಾರು ಡ್ರಿಲ್ಲಿನ ಸದ್ದು ಕೇಳಿ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ, ಎಲ್ಲವೂ ಅವಳ ತಲೆಯಲ್ಲಿ. ಫೈಲು ಸುಮ್ಮನೆ ನೆಪಕ್ಕೆ.

ಈಗ ಸಂಗತಿಗೆ ಬರೋಣ. ಅತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಕ್ಲಿನಿಕ್ ತೆರೆಯುವವಳಿದ್ದಳು. ಮುಂದಿನ ತಿಂಗಳಿಂದ ಅವಳು ಅಲ್ಲಿಗೆ. ಹಳೆಯದರಲ್ಲಿ ಹಲ್ಲು ನೋಡಲು ಚಿಕ್ಕ ಡಾಕ್ಟರಿದ್ದ: ಹೋದ ವರ್ಷ ಸೇರಿಕೊಂಡವನು, ಉದ್ದ ಕಾಲಿನ ಸಭ್ಯ ಹುಡುಗ, ರೋಗಿಗೆ ಇಂಜೆಕ್ಷನ್ ಚುಚ್ಚುವಾಗ ತಾನೇ ಕಣ್ಣು ಕಿರಿದು ಮಾಡುವವನು. ಹಲ್ಲು ಅವನು ನೋಡಿಕೊಳ್ಳುತ್ತಾನೆ, ಸರಿ. ಉಳಿದದ್ದನ್ನೆಲ್ಲ ನಡೆಸುವವರು ಯಾರು? ಪುಟ್ಟಕ್ಕನಿಗೆ ಆ ಜಾಗ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ರಾತ್ರಿ ಮಲಗಿದಾಗ ಕಾಯುವ ಕೋಣೆಯ ಬೆಂಚನ್ನು ಕಿಟಕಿಯ ಕಡೆಗೆ ಎಷ್ಟು ಸರಿಸಬೇಕೆಂದು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ಆದರೆ ಬಾಯಿ ಬಿಟ್ಟು ಕೇಳಲಾರಳು. 'ನಾನ್ಯಾಕೆ ಕೇಳಲಿ? ಅವರಿಗೆ ಕಣ್ಣಿಲ್ಲವೇ?' ಎಂಬುದು ಅವಳ ಹಟ. ಹಟದಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಒಂದೇ ತೂಕ.

ಇದರ ನಡುವೆ ಹಳೆಯ ಪ್ರಿಂಟರ್ ಸತ್ತಿತು. ಬಂದದ್ದು ಹೊಸದು, ಊಟದ ಡಬ್ಬಿಯಷ್ಟೇ ದೊಡ್ಡದು, ವೈರೇ ಇಲ್ಲ. ಒಳಗೆ ಬ್ಯಾಟರಿ, ಹಿಂದೆ ಹೆಚ್ಚೆಂದರೆ ಹತ್ತು ಹಾಳೆ ಹಿಡಿಯುವ ಒಂದು ತಟ್ಟೆ.

"ಬ್ಲೂಟೂತ್ ಮೇಡಂ, ಎಲ್ಲಾ ಗಾಳಿಯಲ್ಲೇ ಹೋಗುತ್ತೆ," ಎಂದು ತಂದುಕೊಟ್ಟವನು ಹೇಳಿ, ತಾನೂ ಗಾಳಿಯಂತೆ ಹೋದ.

ಪುಟ್ಟಕ್ಕ ಕಳಿಸಿದ್ದು ಗಾಳಿಗೇನೋ ಹೋಗುತ್ತಿತ್ತು, ಕಾಗದಕ್ಕೆ ಮಾತ್ರ ಬರುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಒಂದಕ್ಷರ ಬೀಳಲಿಲ್ಲ. ಕಾರಣ ಇಷ್ಟೆ: ಮೊದಲ ದಿನ ಚಿಕ್ಕ ಡಾಕ್ಟರು ಆಟಕ್ಕೆಂದು ಅದನ್ನು ತನ್ನ ಫೋನಿಗೆ ಜೋಡಿಸಿ ಒಂದು ಹಾಳೆ ತೆಗೆದು ನೋಡಿದ್ದ. ಒಬ್ಬರ ಕೈ ಹಿಡಿದಿರುವಾಗ ಇನ್ನೊಬ್ಬರನ್ನು ತಿರುಗಿಯೂ ನೋಡದ ಪ್ರಿಂಟರ್ ಅದು. ಫೋನು ಅವನ ಕೋಟಿನ ಜೇಬಿನಲ್ಲಿ ದಿನವಿಡೀ ಒಳಗೂ ಹೊರಗೂ ಓಡಾಡುತ್ತಿತ್ತು. ಇದು ಅವನಿಗೂ ಹೊಳೆಯಲಿಲ್ಲ. "ನಾನು ನೋಡ್ಲಾ ಪುಟ್ಟಕ್ಕ?" ಎಂದು ಎರಡು ಸಲ ಕೇಳಿದ. "ನನ್ನ ಮೇಜಿನ ಮೇಲಿರೋದನ್ನ ನಾನು ನೋಡ್ಕೋತೀನಿ ಡಾಕ್ಟ್ರೇ," ಎಂದು ಅವಳು ಎರಡು ಸಲವೂ ಅವನನ್ನು ಸಾಗಹಾಕಿದಳು. ತುರ್ತಿನ ಕಾಗದಗಳಿಗೆ ಎದುರುಗಡೆ ಜೆರಾಕ್ಸ್ ಅಂಗಡಿ ಇತ್ತು.

ಆದರೆ ರಾಜೀನಾಮೆಯನ್ನು ಜೆರಾಕ್ಸ್ ಅಂಗಡಿಗೆ ಒಯ್ಯಲಾಗುತ್ತದೆಯೇ? ಚಟ ಬಿಡಲೂ ಆಗಲಿಲ್ಲ. ದಿನಾ ಸಂಜೆ ಬರೆದು, ಪ್ರಿಂಟ್ ಒತ್ತಿ, ಬರೆದದ್ದನ್ನು ಅಳಿಸಿ ಏಳುತ್ತಿದ್ದಳು. ಹಳೆಯ ಪ್ರಿಂಟರ್ ಇದ್ದಾಗ ವೈರು ಕಳಚಿದ್ದರೆ ಕಂಪ್ಯೂಟರು ಕೆಂಪಗೆ ಬೈಯುತ್ತಿತ್ತು. ಇದು ಹಾಗಲ್ಲ, 'ಕಳುಹಿಸಲಾಗಿದೆ' ಎಂದು ಬಹಳ ಮರ್ಯಾದೆಯಿಂದ ಹೇಳಿ ಸುಮ್ಮನಾಗುತ್ತಿತ್ತು. ವೈರಿನಲ್ಲಿ ಹೋದದ್ದಾದರೆ ಎಲ್ಲಾದರೂ ಸಿಕ್ಕಿಕೊಂಡಿರಬಹುದು, ಗಾಳಿಗೆ ಬಿಟ್ಟದ್ದು ಗಾಳಿಯಲ್ಲೇ ಕರಗಿತು ಎಂದು ಪುಟ್ಟಕ್ಕ ತೀರ್ಮಾನಿಸಿದಳು. ಹರಿಯುವ ಶ್ರಮವೂ ಉಳಿಯಿತು.

ಹೀಗೆ ಹತ್ತು ಸಂಜೆ, ಹತ್ತು ರಾಜೀನಾಮೆ. ಹನ್ನೊಂದನೆಯ ದಿನ ಶುಕ್ರವಾರ. ಮಧ್ಯಾಹ್ನ ಅತ್ತಿಗೆ ಒಂದು ಚೀಟಿ ತಂದು ಮೇಜಿನ ಮೇಲಿಟ್ಟಳು.

"ಇದನ್ನ ಟೈಪ್ ಮಾಡಿಡು. ನಾಳೆ ಬಾಗಿಲಿಗೆ ಅಂಟಿಸಬೇಕು."

'ಕ್ಲಿನಿಕ್ ನೋಡಿಕೊಳ್ಳಲು ಅನುಭವವುಳ್ಳ ಮ್ಯಾನೇಜರ್ ಬೇಕಾಗಿದ್ದಾರೆ.'

ಪುಟ್ಟಕ್ಕ ಅದನ್ನು ಮೂರು ಸಲ ಓದಿದಳು. ಅನುಭವವುಳ್ಳ! ತನ್ನ ಕೈಯಲ್ಲೇ ಟೈಪ್ ಮಾಡಿಸಬೇಕೆ ಇದನ್ನು? ಆ ಸಂಜೆಯೂ ಬರೆಯಲು ಕೂತಳು, ಆದರೆ ಕೋಪವೇ ಬರಲಿಲ್ಲ. ಅಳು ಬಂತು. ಹೇಗೂ ಈ ಡಬ್ಬಿಯಿಂದ ಏನೂ ಹೊರಗೆ ಬರುವುದಿಲ್ಲವಲ್ಲ ಎಂಬ ಧೈರ್ಯಕ್ಕೆ, ಹದಿನಾರು ವರ್ಷದಲ್ಲಿ ಮೊದಲ ಸಲ 'ಮಾನ್ಯರೇ' ಬಿಟ್ಟು 'ಅತ್ತಿಗೆ' ಎಂದು ಬರೆದಳು. ತನಗೆ ಬೇಕಾದದ್ದನ್ನು ಕೇಳಿದಳು. ಪ್ರಿಂಟ್ ಒತ್ತಿದಳು, ಮೂಗು ಒರೆಸಿಕೊಂಡು ಕಾರು ಹತ್ತಿದಳು. ದಾರಿಯಲ್ಲಿ ಎಂದಿನಂತೆ "ಸಾಕಾಗಿಹೋಗಿದೆ ಈ ಕೆಲಸ," ಎಂದಳು. ಅತ್ತಿಗೆ ಎಂದಿನಂತೆ "ಹೂಂ" ಎಂದಳು.

ಶನಿವಾರ ಬೆಳಿಗ್ಗೆ ಬಂದವಳೇ, ಹಲ್ಲು ಕಚ್ಚಿಕೊಂಡು ಆ ಜಾಹೀರಾತನ್ನು ಟೈಪ್ ಮಾಡಿ ಅದಕ್ಕೂ ಪ್ರಿಂಟ್ ಒತ್ತಿದಳು. ಬರಲಿಲ್ಲ. ಬರದಿದ್ದರೆ ನನ್ನ ತಪ್ಪೇನಲ್ಲ ಎಂದುಕೊಂಡು ಆರಾಮಾಗಿ ಕೂತಳು.

ಹನ್ನೊಂದು ಗಂಟೆಗೆ ಭೂಗೋಳದ ಮೇಷ್ಟ್ರು ಬಂದರು. ದವಡೆ ಹಲ್ಲು ಕೀಳಬೇಕಿತ್ತು. ಅತ್ತಿಗೆ ಇಂಜೆಕ್ಷನ್ ಕೊಟ್ಟು, ಮರಗಟ್ಟಲು ಹತ್ತು ನಿಮಿಷವಾಗುತ್ತದೆಂದು ಹೊರಗೆ ಬಂದಳು.

"ಎಲ್ಲಿ ಜಾಹೀರಾತು?"

"ಪ್ರಿಂಟರ್ ಕೇಳ್ತಿಲ್ಲ ಅತ್ತಿಗೆ."

"ಎರಡು ವಾರದಿಂದ ಅದೇ ರಾಗ. ಡಾಕ್ಟ್ರೇ, ಬನ್ನಿ ಇಲ್ಲಿ, ಇದೇನು ನೋಡಿ."

ಚಿಕ್ಕ ಡಾಕ್ಟರು ಪುಟ್ಟಕ್ಕನ ಕುರ್ಚಿಯಲ್ಲೇ ಕೂತ. ಮೌಸ್ ಆಡಿಸಿದ, ತಲೆ ಕೆರೆದ, ಜೇಬಿನಿಂದ ಫೋನ್ ತೆಗೆದು ನೋಡಿದ, ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಇದು ನನ್ನ ಫೋನ್ ಹಿಡ್ಕೊಂಡು ಕೂತಿದೆ!" ಫೋನಿನಲ್ಲಿ ಏನನ್ನೋ ಆರಿಸಿದ, ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿದ, ತಟ್ಟೆ ತುಂಬ ಹಾಳೆ ಇಟ್ಟ. ಪ್ರಿಂಟರ್ ಒಮ್ಮೆ ಕೆಮ್ಮಿತು. ನೀಲಿ ದೀಪ ಹತ್ತಿತು.

"ಬಂತು!" ಎಂದ ಅವನು, ತಾನೇ ಹೆತ್ತವನ ಹಾಗೆ. "ಪುಟ್ಟಕ್ಕ, ನೀವು ತುಂಬಾ ಕಳಿಸಿಟ್ಟಿದ್ದೀರಿ. ಹನ್ನೆರಡು ಸಾಲುಗಟ್ಟಿ ನಿಂತಿವೆ. ಒಂದೂ ಎಲ್ಲೂ ಹೋಗಿಲ್ಲ!"

ಪುಟ್ಟಕ್ಕ ಕುರ್ಚಿಯ ಬೆನ್ನು ಹಿಡಿದು ಎಳೆದಳು.

"ಏಳಿ ಡಾಕ್ಟ್ರೇ."

"ಒಂದ್ನಿಮಿಷ, ಬರ್ತಾ ಇದೆ..."

"ಏಳಿ ಅಂದ್ರೆ!"

ಅಷ್ಟರಲ್ಲಿ ಮೊದಲ ಹಾಳೆ ಬಂದಾಗಿತ್ತು, ಕೈಚಾಚಿ ನಿಂತಿದ್ದ ಅತ್ತಿಗೆ ಅದನ್ನು ಎತ್ತಿಕೊಂಡಾಗಿತ್ತು. ಪುಟ್ಟಕ್ಕ ವೈರು ಕೀಳಲು ಮೇಜಿನ ಕೆಳಗೆ ಬಗ್ಗಿದಳು. ಇಲ್ಲದ ವೈರನ್ನು ಎಲ್ಲಿಂದ ಕೀಳುವುದು? ತಲೆ ಮೇಜಿಗೆ ಬಡಿದದ್ದೇ ಬಂತು. ಅವಳು ನೆತ್ತಿ ತಿಕ್ಕಿಕೊಳ್ಳುತ್ತ ಎದ್ದಾಗ ಅತ್ತಿಗೆ ಗಟ್ಟಿಯಾಗಿ ಓದುತ್ತಿದ್ದಳು.

"'ಮಾನ್ಯರೇ, ಇಂದು ಮಧ್ಯಾಹ್ನ ನೀವು ಬಳಸಿದ ಗ್ಲೌಸನ್ನು ನನ್ನ ಅಪಾಯಿಂಟ್‌ಮೆಂಟ್ ಪುಸ್ತಕದ ಮೇಲೆ ಎಸೆದಿರುತ್ತೀರಿ. ನಾನೂ ಮನುಷ್ಯಳು. ಈ ಕ್ಷಣದಿಂದಲೇ ರಾಜೀನಾಮೆ ನೀಡಿದ್ದೇನೆ.' ಗ್ಲೌಸ್ ಎಸೆದಿದ್ದು ನಾನಲ್ಲ, ಇವರು."

ಚಿಕ್ಕ ಡಾಕ್ಟರು ಕುರ್ಚಿಯಿಂದ ಎದ್ದು ನಿಂತ.

ಎರಡನೆಯದು ತಲೆಕೆಳಗಾದ ಎಕ್ಸ್‌ರೇ ವಿಚಾರ. ಮೂರನೆಯದು, ಪುಟ್ಟಕ್ಕ ತಂದಿಟ್ಟ ಗಿಡದ ಕುಂಡ ನೋಡಿ ಅತ್ತಿಗೆ 'ಇದ್ಯಾಕೆ ಇಲ್ಲಿ' ಎಂದದ್ದು. ನಾಲ್ಕನೆಯದರಲ್ಲಿ ಕಾರಣವೇ ಇರಲಿಲ್ಲ, ಬರೀ 'ಸಾಕು' ಎಂದು ದಪ್ಪ ಅಕ್ಷರದಲ್ಲಿತ್ತು. ಐದನೆಯದಕ್ಕೆ ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಒಳಗೆ ಕುರ್ಚಿಯಲ್ಲಿದ್ದ ಮೇಷ್ಟ್ರು ಅರ್ಧ ಮುಖದಲ್ಲಿ ನಕ್ಕರು, ಉಳಿದರ್ಧ ಮರಗಟ್ಟಿತ್ತು. ಪುಟ್ಟಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆರು, ಏಳು, ಎಂಟು ಬಂದವು. ಅತ್ತಿಗೆಯ ನಗು ಸಣ್ಣದಾಗುತ್ತ ಹೋಯಿತು. ಒಂಬತ್ತನೆಯದನ್ನು ಮನಸ್ಸಿನಲ್ಲೇ ಓದಿಕೊಂಡಳು. ಹತ್ತನೆಯದನ್ನು ಓದಲೇ ಇಲ್ಲ. ಎಲ್ಲವನ್ನೂ ಸೇರಿಸಿ, ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿ, ಪುಟ್ಟಕ್ಕನ ಮುಂದಿಟ್ಟಳು.

"ದಿನಾ ಕಾರಲ್ಲಿ ಸಾಕಾಗಿದೆ ಅಂತೀಯಲ್ಲ, ಬಾಯಿಮಾತಿಗೆ ಅಂತೀಯೋ ನಿಜಕ್ಕೋ ಅಂತ ನನಗೂ ಅನುಮಾನ ಇತ್ತು. ಈ ಕ್ಲಿನಿಕ್ ನೀನೇ ನೋಡ್ಕೋ ಅಂತ ಕೇಳಿದ್ರೆ ದಾಕ್ಷಿಣ್ಯಕ್ಕೆ ಒಪ್ಕೋತೀಯ ಅಂತ ಕೇಳಲಿಲ್ಲ. ನಾನು ಅಂದ್ಕೊಂಡಿದ್ದೇ ಸರಿ ಆಯ್ತು." ಮಾಸ್ಕನ್ನು ಮೇಲೆಳೆದುಕೊಂಡಳು. ಮೂಗಿನ ತುದಿಯಲ್ಲಿ ಕೋಪ ಇರಲಿಲ್ಲ, ಕಣ್ಣು ಮಾತ್ರ ಕೆಂಪಾಗಿತ್ತು. "ಬೇರೆಯವರು ಸಿಗೋ ತನಕ ಇರು. ಆ ಜಾಹೀರಾತು ಪ್ರಿಂಟ್ ತೆಗೆದಿಡು."

ಅವಳು ಒಳಗೆ ಹೋದಳು. ಚಿಕ್ಕ ಡಾಕ್ಟರು ಹಿಂದೆಯೇ ಹೋದ.

ಪುಟ್ಟಕ್ಕ ತನ್ನ ಕುರ್ಚಿಯಲ್ಲಿ ಕುಸಿದು ಕೂತಳು. ಪ್ರಿಂಟರ್ ಸುಮ್ಮನಾಗಿತ್ತು. ತಟ್ಟೆಯಲ್ಲಿದ್ದ ಹತ್ತು ಹಾಳೆಯೂ ಮುಗಿದು, 'ಹಾಳೆ ಇಲ್ಲ' ಎಂದು ಪರದೆಯ ಮೇಲೆ ಬಂದಿತ್ತು. ಕೆಳಗೆ ಇನ್ನೂ ಎರಡು ಕಾಯುತ್ತಿದ್ದವು: ಮೊದಲು ನಿನ್ನೆ ಸಂಜೆಯದು, ಅದರ ಹಿಂದೆ ಇವತ್ತಿನ ಜಾಹೀರಾತು. ಪಕ್ಕದಲ್ಲೇ ಅಳಿಸುವ ಗುರುತು. ನಿನ್ನೆಯದನ್ನು ಒಂದೇ ಒತ್ತಿಗೆ ಅಳಿಸಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಾನವೂ ಉಳಿಯುತ್ತಿತ್ತು. ಮಾನ ಉಳಿಸಿಕೊಂಡು ಮುಂದಿನ ತಿಂಗಳು ಮನೆಯಲ್ಲಿ ಕೂತು ಏನು ಮಾಡುವುದು ಎಂದು ಯೋಚಿಸಿದಳು. ಕೈ ಮೌಸಿನ ಮೇಲೆ ಬಹಳ ಹೊತ್ತು ಇತ್ತು.

ಆಮೇಲೆ ಡ್ರಾಯರ್ ಎಳೆದಳು. ಕಟ್ಟಿನಿಂದ ಹಾಳೆ ಎಣಿಸಿ ತೆಗೆದಳು, ಒಂದೇ ಒಂದು. ತಟ್ಟೆಯಲ್ಲಿಟ್ಟಳು.

ಬಂದ ಕಾಗದ ಹಿಡಿದು ಒಳಗೆ ಹೋದಾಗ ಅತ್ತಿಗೆಯ ಎರಡೂ ಕೈ ಮೇಷ್ಟ್ರ ಬಾಯಲ್ಲಿದ್ದವು.

"ಅತ್ತಿಗೆ, ಇನ್ನೊಂದಿದೆ."

"ಹನ್ನೊಂದನೇದಾ? ಅಲ್ಲಿಡು."

"ಇಡಲ್ಲ. ಈಗಲೇ ಓದಬೇಕು."

"ಕೈ ಖಾಲಿ ಇಲ್ಲ. ನೀನೇ ಓದು."

ಪುಟ್ಟಕ್ಕ ಚಿಕ್ಕ ಡಾಕ್ಟರನ್ನು ನೋಡಿದಳು. ಅವನು ಚಾವಣಿ ನೋಡಿದ. ಮೇಷ್ಟ್ರು ಬಾಯಿ ತೆರೆದುಕೊಂಡೇ ಅವಳನ್ನು ನೋಡುತ್ತಿದ್ದರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಓದಿದಳು.

"'ಅತ್ತಿಗೆ, ನಾನು ಹೋಗುವುದಿಲ್ಲ. ನನ್ನನ್ನು ಕಳಿಸಬೇಡಿ. ಈ ಕ್ಲಿನಿಕ್ ನನಗೆ ಕೊಡಿ. ಎರಡನೆಯ ಕುರ್ಚಿಯ ದೀಪ ಎಲ್ಲಿ ತಟ್ಟಿದರೆ ಹತ್ತುತ್ತದೆಂದು ನನಗೆ ಗೊತ್ತು. ಭೂಗೋಳದ ಮೇಷ್ಟ್ರಿಗೆ ಸೂಜಿ ಕಾಣಿಸಬಾರದೆಂದು ಗೊತ್ತು. ನೀವು ಬೈದರೂ, ಕಷ್ಟದ ಹಲ್ಲು ಕಿತ್ತ ದಿನ ನಿಮ್ಮ ಕೈ ನೋಯುತ್ತದೆಂದೂ ಗೊತ್ತು. ಅನುಭವ ಎಂದರೆ ಇನ್ನೇನು? ನೀವಾಗಿಯೇ ಕೇಳುತ್ತೀರೆಂದು ಕಾದೆ. ನೀವು ಕೇಳಲಿಲ್ಲ. ಈ ಕಾಗದ ಹೊರಗೆ ಬರುವುದಿಲ್ಲವೆಂದು ಗೊತ್ತಿರುವುದರಿಂದ ಧೈರ್ಯವಾಗಿ ಕೇಳುತ್ತಿದ್ದೇನೆ. ನನಗೆ ಇದು ಬೇಕು.'"

"ಆಆ," ಎಂದರು ಮೇಷ್ಟ್ರು. ನೋವಿಗೋ ಒಪ್ಪಿಗೆಗೋ ತಿಳಿಯಲಿಲ್ಲ.

ಅತ್ತಿಗೆ ಇಕ್ಕಳ ತಿರುಗಿಸಿದಳು. ಹಲ್ಲು ಬಟ್ಟಲಿಗೆ ಟಣ್ಣೆಂದು ಬಿತ್ತು. ಹತ್ತಿ ಇಟ್ಟು ಮೇಷ್ಟ್ರಿಗೆ ಕಚ್ಚಿ ಹಿಡಿಯಲು ಹೇಳಿದಳು. ಗ್ಲೌಸ್ ಬಿಚ್ಚಿದಳು, ಕೈ ತೊಳೆದಳು, ಒರೆಸಿಕೊಂಡಳು. ಅಷ್ಟೂ ಹೊತ್ತು ಗೋಡೆಯ ಕಡೆಗೇ ತಿರುಗಿದ್ದಳು. ಆಮೇಲೆ ಬಂದು ನಾದಿನಿಯ ಕೈಯಿಂದ ಕಾಗದ ತೆಗೆದುಕೊಂಡು, ಮೇಲಿನಿಂದ ಕೆಳಗಿನವರೆಗೆ ತಾನೇ ಇನ್ನೊಮ್ಮೆ ಓದಿದಳು.

"ಸಹಿ ಎಲ್ಲಿ?"

"ಏನು?"

"ಸಹಿ ಇಲ್ಲದ ಅರ್ಜಿ ಯಾರಾದ್ರೂ ತಗೋತಾರಾ ಪುಟ್ಟಕ್ಕ? ಹದಿನಾರು ವರ್ಷ ಇಲ್ಲಿ ಏನು ಕಲಿತೆ ನೀನು?" ಅತ್ತಿಗೆಯ ದನಿ ಎಂದಿನಷ್ಟೇ ಜೋರಾಗಿತ್ತು, ನಡುವೆ ಒಂದು ಕಡೆ ಮಾತ್ರ ಒಡೆಯಿತು. ಜೇಬಿನಿಂದ ಪೆನ್ನು ತೆಗೆದು ಕೊಟ್ಟಳು.

ಪುಟ್ಟಕ್ಕ ಕಾಗದವನ್ನು ಕುರ್ಚಿಯ ಹಿಡಿಕೆಯ ಮೇಲೆ, ಮೇಷ್ಟ್ರ ಮೊಣಕೈ ಪಕ್ಕಕ್ಕೆ ಸರಿಸಿ, ಇಟ್ಟು ಸಹಿ ಹಾಕಿದಳು.