ಕಹಿ ತೆಗೆದವಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ‘ಕಹಿ ಮೇಡಂ’ ಎಂದೇ ಕರೆಯುತ್ತಿದ್ದರು. ನಾಲಿಗೆಗೆ ಕಹಿ ಹೇಗೆ ಗೊತ್ತಾಗುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ಅವಳ ಇಪ್ಪತ್ತೆರಡು ವರ್ಷ ಕಳೆದಿತ್ತು. ಜನರನ್ನು ಸಾಲಾಗಿ ಕೂರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ನಾಲಿಗೆಯ ಮೇಲೆ ಹನಿ ಬಿಟ್ಟು, ಯಾರು ಎಷ್ಟು ಮುಖ ಕಿವುಚಿದರೆಂದು ಬರೆದುಕೊಳ್ಳುತ್ತಿದ್ದಳು. ಕೊನೆಗೆ ಕಹಿಯನ್ನು ಮರೆಮಾಚುವ ಒಂದು ಪುಡಿ ದಕ್ಕಿತು. ಚಿಟಿಕೆ ಬೆರೆಸಿದರೆ ಸಾಕು, ಮಕ್ಕಳ ಜ್ವರದ ಔಷಧಿ ಬರೀ ಸಕ್ಕರೆ ಪಾಕ.

ವರದಿಯ ಕೊನೆಗೆ ಅವಳು ನಾಲ್ಕು ಸಾಲು ಸೇರಿಸಿದ್ದಳು: ಕಹಿಯೇ ಮಗುವಿನ ಬಾಯಿಗೆ ಕಾವಲು, ಕಾವಲು ತೆಗೆದ ಮೇಲೆ ಬಾಟಲಿಗೆ ಮಗು ಬಿಚ್ಚಲಾಗದ ಮುಚ್ಚಳ ಬೇಕೇ ಬೇಕು.

ನಿರ್ದೇಶಕರು ಆ ಸಾಲುಗಳ ಮೇಲೆ ಗೆರೆ ಎಳೆದರು.

“ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆ ಮಾಮ ಅಂದನಂತೆ. ಮುಚ್ಚಳದ ವಿಷಯ ಔಷಧಿ ಕಂಪನಿಯವರು ನೋಡ್ಕೋತಾರೆ ಬಿಡಿ.”

“ಸರ್, ಚಿಕ್ಕ ಮಕ್ಕಳು...”

“ನಿಮ್ಮ ಬಡ್ತಿ ಕಡತ ನನ್ನ ಮೇಜಿನ ಮೇಲೇ ಇದೆ.”

ಆ ಸಾಲುಗಳಿಲ್ಲದ ವರದಿಗೆ ಅವಳು ಸಹಿ ಹಾಕಿದಳು. ಬಡ್ತಿಯೂ ಬಂತು.

ವರ್ಷದ ಬಳಿಕ ಆಸ್ಪತ್ರೆಯಿಂದ ವೈದ್ಯರೊಬ್ಬರು ಫೋನ್ ಮಾಡಿದರು. ಮೂರು ವರ್ಷದ ಹುಡುಗಿಯೊಬ್ಬಳು ಆ ಔಷಧಿಯ ಬಾಟಲಿಯನ್ನು ಪೂರ್ತಿ ಕುಡಿದಿದ್ದಾಳೆ, ಪುಡಿಯೂ ವಿಷವೇ ಎಂದು ಕೇಳಿದರು. “ಪುಡಿ ಏನೂ ಮಾಡಲ್ಲ, ಅಷ್ಟು ಔಷಧಿ ಹೋಗಿರೋದೇ ವಿಷ” ಎಂದವಳೇ ಆಸ್ಪತ್ರೆಗೆ ಓಡಿದಳು. ಅಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಹೊರಗೆ ಬೆಂಚಿನ ಮೇಲೆ ತಾಯಿ ಯಾರಿಗೋ ಹೇಳುತ್ತಿದ್ದಳು: “ಮುಂಚೆ ಔಷಧಿ ಅಂದ್ರೆ ಮಂಚದ ಕೆಳಗೆ ಓಡೋಳು. ಇದನ್ನ ಮಾತ್ರ ಇನ್ನೊಂದು ಚಮಚ ಕೊಡು ಅಂತ ಕೇಳೋಳು.”

ತಾನು ಯಾರೆಂದು ಹೇಳದೆಯೇ ಅವಳು ಹೊರಟುಬಂದಳು.

ಅಕ್ಕನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಅಕ್ಕ ಸಮಾಧಾನ ಮಾಡಲಿಲ್ಲ. “ಊರವರ ನಾಲಿಗೆಯೆಲ್ಲ ಪರೀಕ್ಷೆ ಮಾಡಿದ್ಯಲ್ಲ, ಅವತ್ತು ನಿನ್ನ ನಾಲಿಗೆ ಎಲ್ಲಿ ಹೋಗಿತ್ತೇ?”

ಮರುದಿನವೇ ಅವಳು ಗೆರೆ ಎಳೆದ ಪುಟವನ್ನು ಪತ್ರಿಕೆಗೆ ಕಳಿಸಿದಳು. ಸಹಿ ಹಾಕಿದವಳು ತಾನೇ ಎಂದೂ ಬರೆದಳು. ಗುಟ್ಟು ಹೊರಗೆ ಹಾಕಿದಳೆಂದು ಸಂಸ್ಥೆ ಅವಳನ್ನು ಕೆಲಸದಿಂದ ತೆಗೆಯಿತು. ಎಂಟು ತಿಂಗಳಲ್ಲಿ ಒತ್ತಿ ತಿರುಗಿಸುವ ಹೊಸ ಮುಚ್ಚಳ ಬಂತು. ಅದಕ್ಕಾಗಿ ಸನ್ಮಾನ ಆದದ್ದು ನಿರ್ದೇಶಕರಿಗೆ.

ಒಂದು ಮಧ್ಯಾಹ್ನ ಅವಳು ವಿಳಾಸ ಹುಡುಕಿಕೊಂಡು ಆ ತಾಯಿಯ ಮನೆಗೆ ಹೋದಳು. ತಾಯಿಗೆ ಗುರುತು ಸಿಕ್ಕಿತು. ಪತ್ರಿಕೆಯಲ್ಲಿ ಫೋಟೋ ಬಂದಿತ್ತು.

“ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?”

“ಗೊತ್ತಿತ್ತು.”

ತಾಯಿ ಒಳಗೆ ಸರಿದಳು. ಬಾಗಿಲು ಹಾಕಿಕೊಂಡಳು. ಇವಳು ಹೊರಗೆ ಅಲ್ಲೇ ನಿಂತಿದ್ದಳು. ಮೇಲಿನ ಮನೆಯಿಂದ ಇಳಿದು ಬಂದ ಮುದುಕರೊಬ್ಬರು, “ಯಾರು ಬೇಕಿತ್ತಮ್ಮ?” ಎಂದರು.

“ಯಾರೂ ಇಲ್ಲ” ಎಂದು ಮೆಟ್ಟಿಲಿಳಿದಳು.